ಮಾಸಿದ ಅಂಕಿಗಳು ಕಲಿಸುವ ಪಾಠ

ಅಳತೆಯಿಲ್ಲದೆ ವಿಜ್ಞಾನವಿಲ್ಲವೆಂಬ ಮಾತನ್ನು ವಿದ್ಯಾರ್ಥಿಗಳಾದ ನಮ್ಮ ವಾಚಕರು ಬಹಳ ಸಲ ಕೇಳಿದ್ದಾರೆ. ಆದರೆ ಅಳೆಯುವ ಉಪಕರಣವೇ ಕಾಯಿಲೆ ಬಿದ್ದಾಗ ಏನು ಮಾಡತಕ್ಕದ್ದೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಅಪರೂಪ. ಪ್ರಯೋಗಶಾಲೆಯ ಬೀರುವಿನ ಮೂಲೆಯಲ್ಲೋ ಮನೆಯ ಅಟ್ಟದ ಮೇಲೋ ಬಿದ್ದಿರುವ ಹಳೆಯ ಡಿಜಿಟಲ್ ಮಲ್ಟಿಮೀಟರನ್ನು ಕೈಗೆತ್ತಿಕೊಂಡು ಗುಂಡಿಯನ್ನು ತಿರುಗಿಸಿದರೆ, ಒಂದು ಕಾಲಕ್ಕೆ ಕಪ್ಪಗೆ ಸ್ಫುಟವಾಗಿ ಮೂಡುತ್ತಿದ್ದ ಅಂಕಿಗಳು ಬೂದಿ ಬಳಿದಂತೆ ಮಾಸಿರುತ್ತವೆ. ಕೆಲವು ಗೀಟುಗಳಂತೂ ಕಾಣುವುದೇ ಇಲ್ಲ. ಇಂತಹ ಸಂದರ್ಭದಲ್ಲಿ ಜನರು ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾರೆ. ಉಪಕರಣವನ್ನು ಗುಜರಿಗೆ ಹಾಕುವುದು ಒಂದು. ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ, ಕಾಣದುದನ್ನು ಊಹಿಸಿಕೊಂಡು ಅದನ್ನೇ ಬಳಸುತ್ತ ಹೋಗುವುದು ಇನ್ನೊಂದು. ಈ ಎರಡು ದಾರಿಗಳೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕವಲ್ಲವೆಂಬುದು ನಮ್ಮ ಅಭಿಪ್ರಾಯ. ಮೂರನೆಯ ದಾರಿಯೊಂದಿದೆ. ಕಾರಣವನ್ನು ಕ್ರಮವಾಗಿ ಹುಡುಕುವುದು, ಸಾಧ್ಯವಿದ್ದರೆ ಸರಿಪಡಿಸುವುದು, ಸಾಧ್ಯವಿಲ್ಲದಿದ್ದರೆ ಏಕೆ ಸಾಧ್ಯವಿಲ್ಲವೆಂಬುದನ್ನು ತಿಳಿದ ಮೇಲೆ ಬಿಡುವುದು. ಆ ದಾರಿಯ ಪರವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಉದಾಹರಣೆಗೆ ಮಲೆನಾಡನ್ನೇ ತೆಗೆದುಕೊಳ್ಳೋಣ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಶೆಟ್ಟಿಕೊಪ್ಪವೆಂಬ ಊರಿದೆ. ಅಡಿಕೆ ಮತ್ತು ಕಾಫಿ ತೋಟಗಳು, ಗದ್ದೆಗಳು, ಕಾಡುಗಳು ಸೇರಿರುವ ಈ ಸೀಮೆಯಲ್ಲಿ ಮನೆಗಳು ಒಂದಕ್ಕೊಂದು ದೂರ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ತುಂಡಾಗುವುದು ಇಲ್ಲಿಯವರಿಗೆ ಹೊಸ ಸಂಗತಿಯಲ್ಲ. ಆದುದರಿಂದ ಮನೆಯಲ್ಲಿ ಇನ್ವರ್ಟರ್ ಮತ್ತು ಅದರ ಬ್ಯಾಟರಿ, ಮಾಡಿನ ಮೇಲೆ ಸೌರಫಲಕ, ತೋಟದಲ್ಲಿ ಪಂಪ್‌ಸೆಟ್ಟು, ಮಲೆನಾಡಿನ ಕೆಲವು ಮನೆಗಳಲ್ಲಿ ಹಳ್ಳದ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕಿರುಯಂತ್ರ, ಇವೆಲ್ಲವೂ ಇವೆ. ಇವುಗಳಲ್ಲಿ ಯಾವುದು ಕೆಟ್ಟರೂ ಪೇಟೆಯಿಂದ ರಿಪೇರಿಯವರು ಬರುವುದಕ್ಕೆ ದಿನಗಳೇ ಹಿಡಿಯುತ್ತವೆ. ದೋಷವು ತಂತಿಯಲ್ಲಿದೆಯೋ, ಬ್ಯಾಟರಿಯಲ್ಲಿದೆಯೋ, ಯಂತ್ರದಲ್ಲಿದೆಯೋ ಎಂಬುದನ್ನು ಮನೆಯವರೇ ತಿಳಿಯಬೇಕಾದರೆ ಅವರ ಕೈಯಲ್ಲಿ ಒಂದು ಮಲ್ಟಿಮೀಟರ್ ಇರಬೇಕು. ನಾಡಿ ನೋಡುವ ವೈದ್ಯನಿಗೆ ಬೆರಳು ಹೇಗೋ ಇಲ್ಲಿಯ ಗೃಹಸ್ಥನಿಗೆ ಈ ಮಾಪಕವು ಹಾಗೆ.

ವಿಚಿತ್ರವೆಂದರೆ, ಮಾಪಕದ ಅಗತ್ಯವನ್ನು ಹೆಚ್ಚಿಸುವ ಮಳೆಯೇ ಮಾಪಕದ ಶತ್ರುವೂ ಆಗಿದೆ. ಈ ಸೀಮೆಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ತೇವವು ತುಂಬಿರುತ್ತದೆ. ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಚರ್ಮದ ವಸ್ತುಗಳು ಹಸಿರಾಗುತ್ತವೆ. ತೇವದಿಂದ ಕಾಪಾಡಬೇಕೆಂದು ಮಾಪಕವನ್ನು ಒಲೆಯ ಮೇಲಿನ ಅಟ್ಟದಲ್ಲಿರಿಸಿದರೆ, ಅಲ್ಲಿ ಕಾವು ಮತ್ತು ಹೊಗೆ ಕಾದಿರುತ್ತವೆ. ತೇವ ಮತ್ತು ಕಾವುಗಳೆರಡೂ ಅಂಕಫಲಕವನ್ನು ಹೇಗೆ ಕೆಡಿಸುತ್ತವೆಂಬುದನ್ನು ತಿಳಿಯಬೇಕಾದರೆ ಆ ಫಲಕದ ರಚನೆಯನ್ನು ಮೊದಲು ತಿಳಿಯಬೇಕು.

ಅಂಕಿಗಳನ್ನು ತೋರಿಸುವ ವಸ್ತುವಿನ ಹೆಸರು ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್ ಎಂಬಾತನು ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ಪದಾರ್ಥವನ್ನು ಕಾಯಿಸುತ್ತಿದ್ದಾಗ ಒಂದು ಸೋಜಿಗವನ್ನು ಕಂಡನು. ಆ ಪದಾರ್ಥವು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಮಬ್ಬು ಒಮ್ಮೆಲೇ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳು ಇರುವುದುಂಟೆ? ಜರ್ಮನಿಯ ಭೌತಶಾಸ್ತ್ರಜ್ಞ ಓಟೊ ಲೇಮನ್ ಅದನ್ನು ಪರೀಕ್ಷಿಸಿ, ಆ ಮಬ್ಬಾದ ಸ್ಥಿತಿಯು ದ್ರವದಂತೆ ಹರಿಯುತ್ತಲೂ ಸ್ಫಟಿಕದಂತೆ ಬೆಳಕನ್ನು ನಡೆಸಿಕೊಳ್ಳುತ್ತಲೂ ಇದೆಯೆಂದು ತೋರಿಸಿದನು. ಇದು ಬಹುಕಾಲ ಕುತೂಹಲದ ವಿಷಯವಾಗಿಯೇ ಉಳಿಯಿತು. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್ಫ್‌ರಿಕ್ ಎಂಬ ವಿಜ್ಞಾನಿಗಳು ಅಣುಗಳ ಸಾಲನ್ನು ತಿರುಚಿ ನಿಲ್ಲಿಸುವ ಉಪಾಯವನ್ನು ಕಂಡುಹಿಡಿದರು. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ಮತ್ತು ಸಂಗಡಿಗರು ಸಾಮಾನ್ಯ ಉಷ್ಣತೆಯಲ್ಲಿ ಸ್ಥಿರವಾಗಿರುವ ದ್ರವ ಸ್ಫಟಿಕಗಳನ್ನು ತಯಾರಿಸಿದರು. ಗಡಿಯಾರ, ಕ್ಯಾಲ್ಕ್ಯುಲೇಟರ್, ಮಲ್ಟಿಮೀಟರುಗಳಿಗೆ ಅಂಕಫಲಕವು ಬಂದುದು ಈ ದಾರಿಯಿಂದ.

ಫಲಕದ ಒಳಗಿನ ವ್ಯವಸ್ಥೆಯು ಸರಳವೂ ಸುಂದರವೂ ಆಗಿದೆ. ಎರಡು ತೆಳುವಾದ ಗಾಜಿನ ಹಲ್ಲೆಗಳ ನಡುವೆ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲದ ಸಂದು; ಆ ಸಂದಿನಲ್ಲಿ ದ್ರವ ಸ್ಫಟಿಕ. ಗಾಜಿನ ಒಳಮೈಗೆ ಇಂಡಿಯಮ್ ಮತ್ತು ತವರಗಳ ಆಕ್ಸೈಡಿನ ಪಾರದರ್ಶಕ ಲೇಪವನ್ನು ಅಂಕಿಗಳ ಗೀಟುಗಳ ಆಕಾರದಲ್ಲಿ ಕೊಟ್ಟಿರುತ್ತಾರೆ. ಗಾಜಿನ ಹೊರಮೈಗಳಿಗೆ, ಮುಂದೊಂದು ಹಿಂದೊಂದು, ಧ್ರುವೀಕಾರಕ ಹಾಳೆಗಳನ್ನು ಅಂಟಿಸಿರುತ್ತಾರೆ. ಬೆಳಕಿನ ಕಂಪನಗಳಲ್ಲಿ ಒಂದು ದಿಕ್ಕಿನವನ್ನು ಮಾತ್ರ ಒಳಬಿಟ್ಟು ಉಳಿದವನ್ನು ತಡೆಯುವುದು ಈ ಹಾಳೆಯ ಕೆಲಸ. ಎರಡು ಹಾಳೆಗಳ ದಿಕ್ಕುಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಬೆಳಕು ಹಾಯ್ದು ಹೋಗಲಾರದು. ಆದರೆ ನಡುವಿನ ಅಣುಗಳು ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಸುರುಳಿಮೆಟ್ಟಿಲಿನಂತೆ 90 ಡಿಗ್ರಿ ತಿರುಗಿ ನಿಂತಿರುತ್ತವೆ. ಬೆಳಕಿನ ಕಂಪನವೂ ಅವುಗಳೊಡನೆ ತಿರುಗಿ, ಎರಡನೆಯ ಹಾಳೆಯನ್ನು ದಾಟಿ, ಹಿಂದಿರುವ ಪ್ರತಿಫಲಕಕ್ಕೆ ತಗಲಿ ಮರಳಿ ಬರುತ್ತದೆ. ಆದುದರಿಂದ ಫಲಕವು ತಿಳಿಬೂದಿಯಾಗಿ ಕಾಣುತ್ತದೆ. ಯಾವುದೊಂದು ಗೀಟಿಗೆ ವೋಲ್ಟೇಜನ್ನು ಕೊಟ್ಟರೆ ಅಲ್ಲಿಯ ಅಣುಗಳು ಎದ್ದು ನಿಲ್ಲುತ್ತವೆ, ಸುರುಳಿಯು ಕೆಡುತ್ತದೆ, ಬೆಳಕು ತಡೆಯಲ್ಪಡುತ್ತದೆ, ಆ ಗೀಟು ಕಪ್ಪಾಗಿ ಕಾಣುತ್ತದೆ. ಮಾಪಕದಲ್ಲಿರುವ ಐ.ಸಿ. ಈ ವೋಲ್ಟೇಜನ್ನು ಸೆಕೆಂಡಿಗೆ ಸುಮಾರು 50ರಿಂದ 60 ಸಲ ಹಿಂದುಮುಂದಾಗಿಸುತ್ತಿರುತ್ತದೆ. ಏಕೆಂದರೆ ಒಂದೇ ದಿಕ್ಕಿನ ವಿದ್ಯುತ್ತನ್ನು ಬಹಳ ಹೊತ್ತು ಕೊಟ್ಟರೆ ವಿದ್ಯುದ್ವಿಭಜನೆಯಾಗಿ ಫಲಕವು ಕೆಡುತ್ತದೆ. ಗೀಟುಗಳನ್ನು ಪರೀಕ್ಷಿಸಲು ಬ್ಯಾಟರಿಯನ್ನು ನೇರವಾಗಿ ಮುಟ್ಟಿಸಬಾರದೆಂಬುದಕ್ಕೆ ಕಾರಣವಿದು.

ಇಷ್ಟು ತಿಳಿದಮೇಲೆ ಮಾಸುವುದಕ್ಕೆ ಕಾರಣಗಳೇನಿರಬಹುದೆಂಬುದು ತಾನಾಗಿಯೇ ಹೊಳೆಯುತ್ತದೆ. ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಬ್ಯಾಟರಿ. ಬಹುತೇಕ ಹಳೆಯ ಕೈಮಾಪಕಗಳಲ್ಲಿ 9 ವೋಲ್ಟಿನ ಬ್ಯಾಟರಿಯಿರುತ್ತದೆ. ಅದು ಸುಮಾರು 7 ವೋಲ್ಟಿಗೆ ಇಳಿದರೆ ಅಣುಗಳನ್ನು ಪೂರ್ತಿಯಾಗಿ ಎಬ್ಬಿಸುವ ಬಲವು ಕುಗ್ಗಿ ಎಲ್ಲ ಅಂಕಿಗಳೂ ಒಂದೇ ಸಮನೆ ಮಸುಕಾಗುತ್ತವೆ. ಓರೆಯಾಗಿ ನೋಡಿದರೆ ಸ್ವಲ್ಪ ಚೆನ್ನಾಗಿ ಕಾಣುವುದು ಇದರ ಗುರುತು.

ಎರಡನೆಯದು, ಸಂಪರ್ಕ. ಫಲಕದ ಗಾಜಿನಿಂದ ಸರ್ಕ್ಯೂಟ್ ಹಲಗೆಗೆ ವಿದ್ಯುತ್ತನ್ನು ಒಯ್ಯುವುದು ಬೆಸುಗೆ ಹಾಕಿದ ತಂತಿಯಲ್ಲ, ಒಂದು ರಬ್ಬರಿನ ಪಟ್ಟಿ. ಇದರಲ್ಲಿ ಇಂಗಾಲವನ್ನು ಬೆರೆಸಿದ ಕಪ್ಪು ಪದರಗಳೂ ವಿದ್ಯುತ್ತನ್ನು ಒಯ್ಯದ ಬಿಳಿ ಪದರಗಳೂ ಒಂದಾದ ಮೇಲೊಂದರಂತೆ ಇರುವುದರಿಂದ ಇದಕ್ಕೆ ಜೀಬ್ರಾ ಪಟ್ಟಿಯೆಂದು ಹೆಸರು. ಧೂಳು, ತೇವ, ಬೂಷ್ಟುಗಳು ಇದರ ಅಂಚಿಗೆ ಸೇರಿದರೆ, ಅಥವಾ ತಿರುಪುಗಳು ಸಡಿಲವಾದರೆ, ಕೆಲವು ಗೀಟುಗಳು ಮಾತ್ರ ಕಾಣದಾಗುತ್ತವೆ. ಫಲಕದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅವು ಮರಳಿ ಮೂಡಿದರೆ ದೋಷವು ಇಲ್ಲಿಯೇ ಇದೆಯೆಂದು ತಿಳಿಯಬೇಕು.

ಮೂರನೆಯದು, ಧ್ರುವೀಕಾರಕ ಹಾಳೆ. ಅಮೆರಿಕದ ಎಡ್ವಿನ್ ಲ್ಯಾಂಡ್ 1938ರಲ್ಲಿ ರೂಪಿಸಿದ ಬಗೆಯಂತೆ, ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ಕನ್ನು ಒಂದೇ ದಿಕ್ಕಿಗೆ ಎಳೆದು, ಅದಕ್ಕೆ ಅಯೋಡಿನ್ನನ್ನು ಊಡಿಸಿ ಇಂತಹ ಹಾಳೆಯನ್ನು ಮಾಡುತ್ತಾರೆ. ಅದರ ಎರಡು ಮಗ್ಗುಲಿಗೂ ಸೆಲ್ಯುಲೋಸ್ ಅಸಿಟೇಟಿನ ಕಾಪು ಹಾಳೆಗಳಿರುತ್ತವೆ. ಕಾವು ಮತ್ತು ತೇವಗಳು ವರ್ಷಗಟ್ಟಲೆ ಒಟ್ಟಾಗಿ ಕೆಲಸ ಮಾಡಿದರೆ ಅಯೋಡಿನ್ನಿನ ಸಾಲು ಕದಡುತ್ತದೆ, ಕಾಪು ಹಾಳೆಯು ಕೊಳೆತು ವಿನಿಗರಿನಂತಹ ಹುಳಿವಾಸನೆಯನ್ನು ಸೂಸುತ್ತದೆ. ಆಗ ಫಲಕವು ಅಂಚಿನಿಂದ ಮೊದಲಾಗಿ ಹಳದಿಯಾಗುತ್ತದೆ, ಗುಳ್ಳೆಯೇಳುತ್ತದೆ, ಅಂಕಿಗಳು ಬಣ್ಣಗೆಡುತ್ತವೆ. ಮಲೆನಾಡಿನ ಮಾಪಕಗಳಲ್ಲಿ ಈ ದೋಷವನ್ನು ವಿಶೇಷವಾಗಿ ಶಂಕಿಸಬೇಕು.

ನಾಲ್ಕನೆಯದು, ಫಲಕವೇ ಒಡೆದಿರುವುದು. ಶಾಯಿ ಚೆಲ್ಲಿದಂತೆ ಕಪ್ಪು ಕಲೆಯೊಂದು ಹರಡುತ್ತ ಹೋದರೆ ಗಾಜಿನ ಮುದ್ರೆಯು ಬಿರಿದು ದ್ರವವು ಜಾಗ ಬಿಟ್ಟಿದೆಯೆಂದರ್ಥ. ಇದಕ್ಕೆ ಮನೆಮದ್ದಿಲ್ಲ, ಅದೇ ಜಾತಿಯ ಬೇರೊಂದು ಫಲಕವು ದೊರೆತರೆ ಮಾತ್ರ ಉಪಾಯವುಂಟು.

ಈಚೆಗೆ ಶೆಟ್ಟಿಕೊಪ್ಪದ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ನಾವು ಕಂಡ ಮಾಪಕವೊಂದರಲ್ಲಿ ಮೊದಲ ಮೂರು ದೋಷಗಳೂ ಒಟ್ಟಿಗೆ ಇದ್ದುವು. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗಳು ಅದನ್ನು ಸರಿಪಡಿಸಿದ ಕ್ರಮವು ಅನುಕರಣೀಯವಾದುದರಿಂದ ಇಲ್ಲಿ ಬರೆಯುತ್ತೇವೆ. ಅವಳು ಮೊದಲು ಹೊಸ ಬ್ಯಾಟರಿಯನ್ನು ಹಾಕಿ ನೋಡಿದಳು. ಅಂಕಿಗಳು ತುಸುವೇ ಗಟ್ಟಿಯಾದುವು. ಬಳಿಕ ಮಾಪಕದ ಎರಡು ತಂತಿಗಳನ್ನೂ ಕಿತ್ತು, ಬ್ಯಾಟರಿಯನ್ನು ಹೊರಗೆ ತೆಗೆದು, ಹಿಂಬದಿಯ ತಿರುಪುಗಳನ್ನು ಬಿಚ್ಚಿದಳು. ಬಿಚ್ಚುವ ಮೊದಲು ಪ್ರತಿಯೊಂದು ಭಾಗವೂ ಯಾವ ದಿಕ್ಕಿಗಿದೆಯೆಂಬುದರ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡಳು. ಜೀಬ್ರಾ ಪಟ್ಟಿಯನ್ನೂ ಅದು ಕೂರುವ ಎರಡು ಅಂಚುಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಪೂರ್ತಿಯಾಗಿ ಒಣಗಿಸಿ, ಮೊದಲಿದ್ದಂತೆಯೇ ಕೂರಿಸಿ, ತಿರುಪುಗಳನ್ನು ಸಮನಾಗಿ ಬಿಗಿದಳು. ಕಾಣದಿದ್ದ ಗೀಟುಗಳೆಲ್ಲ ಬಂದುವು. ಆದರೂ ಅಂಕಿಗಳ ಬಣ್ಣವು ಹಳದಿ ಮಿಶ್ರಿತ ಬೂದಿಯಾಗಿಯೇ ಉಳಿಯಿತು.

ಇಲ್ಲಿಗೆ ಸಾಕೆಂದು ಬಿಡುವುದು ಸುಲಭವಾಗಿತ್ತು. ಅವಳು ಬಿಡಲಿಲ್ಲ. ಮುಂದಿನ ಹಾಳೆಯ ಒಂದು ಮೂಲೆಯನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಗಾಜಿನ ಮೇಲೆ ಭಾರ ಹಾಕದೆ ಮೆಲ್ಲಗೆ ಸುಲಿದು ತೆಗೆದಳು. ಅದನ್ನು ಎಲ್‌ಸಿಡಿ ಕಂಪ್ಯೂಟರಿನ ಪರದೆಯ ಮುಂದೆ ಹಿಡಿದು ತಿರುಗಿಸಿದಳು. ಅಂತಹ ಪರದೆಯಿಂದ ಬರುವ ಬೆಳಕು ಧ್ರುವೀಕೃತವಾದುದರಿಂದ, ಒಳ್ಳೆಯ ಹಾಳೆಯಾದರೆ ಕಾಲು ಸುತ್ತು ತಿರುಗುವುದರೊಳಗೆ ಕಪ್ಪಾಗಬೇಕು. ಇದು ಎಷ್ಟು ತಿರುಗಿಸಿದರೂ ಹಳದಿಯಾಗಿಯೇ ಇತ್ತು. ದೋಷವು ಸಿಕ್ಕಿಬಿದ್ದಿತು. ಮನೆಯಲ್ಲಿ ಕೆಟ್ಟುಬಿದ್ದಿದ್ದ ಅಂಗಡಿ ಲೆಕ್ಕದ ಕ್ಯಾಲ್ಕ್ಯುಲೇಟರಿನ ಹಾಳೆಯನ್ನು ಅದೇ ರೀತಿ ಸುಲಿದು, ಅದೇ ಪರೀಕ್ಷೆಗೆ ಗುರಿಪಡಿಸಿ, ಅದು ಚೆನ್ನಾಗಿದೆಯೆಂದು ಕಂಡುಕೊಂಡಳು. ಬಳಿಕ ಮಾಪಕಕ್ಕೆ ವಿದ್ಯುತ್ ಕೊಟ್ಟು, ಹಾಳೆಯನ್ನು ಗಾಜಿನ ಮೇಲೆ ತಿರುಗಿಸುತ್ತ, ಅಂಕಿಗಳು ಅತ್ಯಂತ ಕಪ್ಪಾಗಿ ಹಿನ್ನೆಲೆಯು ಅತ್ಯಂತ ತಿಳಿಯಾಗಿ ಕಾಣುವ ದಿಕ್ಕನ್ನು ಗುರುತಿಸಿದಳು. ಆ ದಿಕ್ಕಿಗೆ 90 ಡಿಗ್ರಿ ತಿರುಗಿಸಿದಾಗ ಫಲಕವೆಲ್ಲ ಕಪ್ಪಾಗಿ ಅಂಕಿಗಳು ಬೆಳ್ಳಗೆ ಮೂಡಿದುದನ್ನು ಕಂಡು ಮನೆಯವರೆಲ್ಲ ಬೆರಗಾದರು. ಗುರುತಿಸಿದ ದಿಕ್ಕಿನಲ್ಲಿ ಹಾಳೆಯನ್ನು ಅಳತೆಗೆ ಕತ್ತರಿಸಿ ಕೂರಿಸಿದುದೇ ಕೊನೆಯ ಕೆಲಸ. ಅಲ್ಲ, ಅದೂ ಕೊನೆಯದಾಗಿರಲಿಲ್ಲ. ನೆರೆಮನೆಯ ಇನ್ನೊಂದು ಮಾಪಕವನ್ನು ತಂದು, ಒಂದೇ ಹೊಸ ಶುಷ್ಕಕೋಶವನ್ನು ಎರಡರಿಂದಲೂ ಅಳೆದು, ಎರಡೂ ಒಂದೇ ಬೆಲೆಯನ್ನು ಹೇಳುತ್ತವೆಯೆಂಬುದನ್ನು ನೋಡಿದ ಮೇಲೆಯೇ ಅವಳು ತನ್ನ ಕೆಲಸವು ಮುಗಿಯಿತೆಂದು ಒಪ್ಪಿದಳು.

ಈ ಕೊನೆಯ ಎಚ್ಚರಿಕೆಯು ಅತಿಯೆಂದು ಯಾರೂ ಭಾವಿಸಬಾರದು. ಮಾಸಿದ ಅಂಕಿಗಳನ್ನು ಊಹಿಸಿ ಓದುವುದರಿಂದ ಆಗುವ ಹಾನಿಯು ಚಿಕ್ಕದಲ್ಲ. ಮಾಪಕದ ಪ್ರತಿಯೊಂದು ಪೂರ್ಣ ಅಂಕಿಯೂ ಏಳು ಗೀಟುಗಳಿಂದ ಆಗುತ್ತದೆ. 8 ಎಂಬುದರಲ್ಲಿ ನಡುವಿನ ಗೀಟು ಕಾಣದಿದ್ದರೆ ಅದು 0 ಆಗುತ್ತದೆ. ಮೇಲಿನ ಬಲಗೀಟು ಹೋದರೆ 6, ಕೆಳಗಿನ ಎಡಗೀಟು ಹೋದರೆ 9. ಇನ್ವರ್ಟರಿನ ಸೀಸದ ಬ್ಯಾಟರಿಯು ತುಂಬಿರುವಾಗ ಅದರ ವೋಲ್ಟೇಜು ಸುಮಾರು 12.8, ಬಹುಮಟ್ಟಿಗೆ ಬರಿದಾಗಿರುವಾಗ ಸುಮಾರು 12.0. ಎಂದಮೇಲೆ ಒಂದೇ ಒಂದು ಗೀಟು ಕಾಣದ ಕಾರಣದಿಂದ ಆರೋಗ್ಯವಾಗಿರುವ ಬ್ಯಾಟರಿಯನ್ನು ಸತ್ತಿತೆಂದು ತಿಳಿದು, ಸಾವಿರಾರು ರೂಪಾಯಿಗಳನ್ನು ಕೊಟ್ಟು ಹೊಸದನ್ನು ತರುವ ಪ್ರಮೇಯವುಂಟು. ಇಷ್ಟೇ ಅಲ್ಲ. ಮಾಪಕದ ಬ್ಯಾಟರಿಯು ಕುಗ್ಗಿದಾಗ ಅದರೊಳಗಿನ ಹೋಲಿಕೆಯ ವೋಲ್ಟೇಜೂ ಕುಸಿದು, ಇರುವುದಕ್ಕಿಂತ ಹೆಚ್ಚಿನ ಬೆಲೆಯನ್ನು ತೋರಿಸುವುದುಂಟು. ಎಲ್ಲಕ್ಕಿಂತ ಘೋರವಾದುದು ಬರಿದಾದ ಫಲಕವನ್ನು ಸೊನ್ನೆಯೆಂದು ಓದುವುದು. 230 ವೋಲ್ಟಿನ ತಂತಿಯು ನಿರ್ಜೀವವಾಗಿದೆಯೆಂದು ಕೆಟ್ಟ ಫಲಕವು ಹೇಳಿದರೆ ಅದನ್ನು ನಂಬಿದವನ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿಯೇ ಬಲ್ಲ ಕೆಲಸಗಾರರು ಮಾಪಕವನ್ನು ಮೊದಲು ವಿದ್ಯುತ್ತಿದೆಯೆಂದು ಖಚಿತವಾಗಿ ತಿಳಿದಿರುವ ಕಡೆ ಪರೀಕ್ಷಿಸಿ, ಬಳಿಕ ಶಂಕೆಯಿರುವ ತಂತಿಯನ್ನು ಅಳೆದು, ಪುನಃ ಮೊದಲಿನ ಕಡೆ ಪರೀಕ್ಷಿಸುತ್ತಾರೆ. ಫಲಕವು ಮಾಸಿರುವ ಮಾಪಕವನ್ನು ಮನೆಯ ವಿದ್ಯುತ್ತಿಗೆ ಎಂದಿಗೂ ಹಚ್ಚಬಾರದು.

ಇಷ್ಟನ್ನೆಲ್ಲ ಕೇಳಿದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಸಾಧಾರಣ ಮಾಪಕವು ಇಂದು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಅದಕ್ಕಾಗಿ ಅರ್ಧ ದಿನವನ್ನು ಕಳೆಯುವುದು ಮೂಗಿಗಿಂತ ಮೂಗುತಿ ಭಾರವಾದಂತಲ್ಲವೆ? ಆಕ್ಷೇಪವು ಯುಕ್ತವೇ. ದಿನಗೂಲಿಯನ್ನು ಲೆಕ್ಕ ಹಾಕಿದರೆ ಎಷ್ಟೋ ಸಲ ಹೊಸದನ್ನು ಕೊಳ್ಳುವುದೇ ಲಾಭ. ಮಾಪಕದ ತಂತಿಗಳ ಹೊದಿಕೆಯು ಬಿರಿದಿದ್ದರೆ, ಒಳಗಿನ ಫ್ಯೂಸಿನ ಜಾಗದಲ್ಲಿ ಯಾರೋ ತಾಮ್ರದ ಎಳೆಯನ್ನು ಸುತ್ತಿದ್ದರೆ, ಕವಚವು ಒಡೆದಿದ್ದರೆ, ಅದನ್ನು ಫಲಕದ ಮೋಹದಿಂದ ಉಳಿಸಿಕೊಳ್ಳುವುದು ಅವಿವೇಕ. ದಿನವೂ ವಿದ್ಯುತ್ತಿನೊಡನೆ ಕೆಲಸ ಮಾಡುವವರಿಗೆ ಒಳ್ಳೆಯ ರಕ್ಷಣೆಯಿರುವ ಮಾಪಕವೇ ಬೇಕು. ಇದನ್ನು ನಾವು ಒಪ್ಪುತ್ತೇವೆ.

ಆದರೆ ವಿದ್ಯಾರ್ಥಿಯ ಲೆಕ್ಕವು ಬೇರೆ. ಅವನ ಅರ್ಧ ದಿನಕ್ಕೆ ಪ್ರತಿಯಾಗಿ ದೊರೆಯುವುದು ಮಾಪಕವೊಂದೇ ಅಲ್ಲ. ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರದಲ್ಲಿ ಬೆಳಕಿನ ಧ್ರುವೀಕರಣದ ಪಾಠವಿದೆ. ಕೋನವು ಬದಲಾದಂತೆ ಬೆಳಕಿನ ತೀವ್ರತೆಯು ಹೇಗೆ ಬದಲಾಗುತ್ತದೆಂದು ಹೇಳುವ ಮಾಲ್ಯೂಸನ ನಿಯಮವಿದೆ. ಅದನ್ನು ಬಾಯಿಪಾಠ ಮಾಡಿ ಬರೆದ ಹುಡುಗನಿಗೂ, ಹಾಳೆಯನ್ನು ಕೈಯಾರೆ ತಿರುಗಿಸಿ ಅಂಕಿಗಳು ಕಪ್ಪಾಗುವುದನ್ನೂ ಬೆಳ್ಳಗಾಗುವುದನ್ನೂ ಕಂಡವನಿಗೂ ಇರುವ ಅಂತರವು, ಈಜಿನ ಪುಸ್ತಕವನ್ನು ಓದಿದವನಿಗೂ ತುಂಗೆಯಲ್ಲಿ ಇಳಿದವನಿಗೂ ಇರುವ ಅಂತರದಷ್ಟೇ ದೊಡ್ಡದು. ಇನ್ನೊಂದು ಸಂಗತಿಯೂ ಇದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ಕಸವು ಹುಟ್ಟಿತು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದೆಂದು ದಾಖಲೆಯಿರುವುದು ನೂರಕ್ಕೆ 22.3 ಮಾತ್ರ. ಒಂದು ಮಾಪಕವನ್ನು ಉಳಿಸಿದರೆ ಈ ರಾಶಿಯು ಕರಗುವುದಿಲ್ಲ, ನಿಜ. ಆದರೆ ಬಿಚ್ಚಿ ನೋಡದೆ ಎಸೆಯುವ ಅಭ್ಯಾಸವೇ ಈ ರಾಶಿಯ ಬೀಜವಾಗಿರುವುದರಿಂದ, ಬಿಚ್ಚಿ ನೋಡುವ ಅಭ್ಯಾಸವನ್ನು ಎಲ್ಲಿಂದಾದರೂ ಆರಂಭಿಸಲೇಬೇಕು.

ಈ ವಿಷಯದಲ್ಲಿ ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ವಿಶೇಷವಾದ ಹಕ್ಕೂ ಹೊಣೆಯೂ ಇದೆಯೆಂದು ನಾವು ಭಾವಿಸುತ್ತೇವೆ. ಧ್ರುವೀಕೃತ ಬೆಳಕು ಮತ್ತು ದ್ರವ ಸ್ಫಟಿಕಗಳ ವಿಜ್ಞಾನವು ನಮಗೆ ಹೊರಗಿನಿಂದ ಬಂದ ವಿದ್ಯೆ ಮಾತ್ರವಲ್ಲ. 1948ರಲ್ಲಿ ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಎಸ್. ಪಂಚರತ್ನಮ್ ಎಂಬ ತರುಣರು 1956ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಧ್ರುವೀಕೃತ ಕಿರಣಗಳ ವ್ಯತಿಕರಣವನ್ನು ಕುರಿತು ಬರೆದ ಪ್ರಬಂಧವು ಇಂದಿಗೂ ಜಗತ್ತಿನ ವಿಜ್ಞಾನಿಗಳ ಗೌರವಕ್ಕೆ ಪಾತ್ರವಾಗಿದೆ. ಅವರ ಅಣ್ಣ ಎಸ್. ಚಂದ್ರಶೇಖರ್ ಅವರು 1961ರಿಂದ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, 1971ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. 1977ರಲ್ಲಿ ಅವರು ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ, ಕಡ್ಡಿಯಂತಹ ಅಣುಗಳು ಮಾತ್ರವಲ್ಲ, ಬಿಲ್ಲೆಯಂತಹ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂಬುದನ್ನು ತೋರಿಸಿಕೊಟ್ಟರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಚಂದ್ರಶೇಖರ್ ಅವರು ಆರಂಭಿಸಿದ ದ್ರವ ಸ್ಫಟಿಕ ಸಂಶೋಧನ ಕೇಂದ್ರವು ಇಂದು ನ್ಯಾನೊ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ಬೆಳೆದಿದೆ. ಇಂತಹ ಪರಂಪರೆಯಿರುವ ನಾಡಿನಲ್ಲಿ, ದ್ರವ ಸ್ಫಟಿಕದ ಫಲಕವೊಂದು ಮಾಸಿದಾಗ ಭೌತಶಾಸ್ತ್ರದ ವಿದ್ಯಾರ್ಥಿಯು ಅದನ್ನು ಮಾಯೆಯೆಂಬಂತೆ ನೋಡಿ ಕೈಚೆಲ್ಲುವುದು ಸರಿಯೆ?

ತಪ್ಪು ವಿದ್ಯಾರ್ಥಿಯದೆಂದು ನಾವು ಹೇಳುವುದಿಲ್ಲ. ದಾಸ್ತಾನು ಪುಸ್ತಕದಲ್ಲಿ ಹೆಸರಿರುವ ಉಪಕರಣದ ತಿರುಪನ್ನು ಬಿಚ್ಚಲು ಅಧ್ಯಾಪಕರು ಅಂಜುವುದು ಸಹಜ. ಬಿಚ್ಚಿದ್ದು ಕೆಟ್ಟರೆ ಉತ್ತರ ಕೊಡಬೇಕಾದವರು ಅವರೇ. ಹೀಗಿರುವಲ್ಲಿ ಉಪಕರಣವು ಬೀರುವಿನಲ್ಲಿ ಸುರಕ್ಷಿತವಾಗಿ ಕೊಳೆಯುತ್ತದೆ. ಆದುದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಪ್ರತಿಯೊಂದು ಪ್ರೌಢಶಾಲೆಯಲ್ಲೂ ಕಾಲೇಜಿನಲ್ಲೂ ಕೆಟ್ಟ ಉಪಕರಣಗಳಿಗಾಗಿ ಒಂದು ದುರಸ್ತಿ ಮೇಜು ಇರಲಿ. ಬಳಕೆಗೆ ಬಾರದೆಂದು ತೀರ್ಮಾನವಾದ ಉಪಕರಣವು ಗುಜರಿಗೆ ಹೋಗುವ ಮೊದಲು ಒಂದು ತಿಂಗಳು ಆ ಮೇಜಿನ ಮೇಲಿರಲಿ. ವಿದ್ಯಾರ್ಥಿಗಳು ಅಧ್ಯಾಪಕರ ಸಮ್ಮುಖದಲ್ಲಿ ಬಿಚ್ಚಿ, ಕಂಡ ದೋಷವನ್ನೂ ಮಾಡಿದ ಪರೀಕ್ಷೆಯನ್ನೂ ಬಂದ ಫಲಿತಾಂಶವನ್ನೂ ಪುಸ್ತಕದಲ್ಲಿ ಬರೆಯಲಿ. ದುರಸ್ತಿಯು ಸಫಲವಾಗದಿದ್ದರೂ ಆ ಬರವಣಿಗೆಗೆ ಪ್ರಯೋಗದ ಅಂಕಗಳು ಸಲ್ಲಲಿ. ಮನೆಯ ವಿದ್ಯುತ್ತಿನಿಂದ ನಡೆಯುವ ಯಂತ್ರಗಳನ್ನು ಇದರಿಂದ ಹೊರಗಿಟ್ಟು, ಬ್ಯಾಟರಿಯಿಂದ ನಡೆಯುವ ಸಣ್ಣ ಉಪಕರಣಗಳಿಂದ ತೊಡಗಿದರೆ ಅಪಾಯವೂ ಇರದು.

ಎರಡನೆಯದು ತಯಾರಕರಿಗೆ ಮತ್ತು ಸರಕಾರಕ್ಕೆ. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈ ತಿಂಗಳಿನಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ರಚಿಸಿತು. ಕೃಷಿ ಸಲಕರಣೆಗಳು, ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳು, ಗೃಹೋಪಯೋಗಿ ವಸ್ತುಗಳು, ವಾಹನಗಳು, ಈ ನಾಲ್ಕು ವರ್ಗಗಳನ್ನು ಆಗ ಮೊದಲಿಗೆ ಆರಿಸಿಕೊಳ್ಳಲಾಯಿತು. ಶಾಲೆಗಳು ಕೊಳ್ಳುವ ಅಳತೆಯ ಉಪಕರಣಗಳೂ ಈ ಸಾಲಿಗೆ ಸೇರಬೇಕೆಂಬುದು ನಮ್ಮ ಅಪೇಕ್ಷೆ. ಸರ್ಕ್ಯೂಟಿನ ನಕ್ಷೆಯನ್ನು ಜೊತೆಯಲ್ಲಿ ಕೊಡದ, ಅಂಕಫಲಕವನ್ನೂ ಜೀಬ್ರಾ ಪಟ್ಟಿಯನ್ನೂ ಬಿಡಿಯಾಗಿ ಮಾರದ ತಯಾರಕರಿಂದ ವಿದ್ಯಾಸಂಸ್ಥೆಗಳು ಕೊಳ್ಳದಿರುವುದೇ ಒಂದು ಒಳ್ಳೆಯ ಒತ್ತಾಯವಾಗಬಲ್ಲದು.

ಮೂರನೆಯದು ಮನೆಮನೆಗೆ ಅನ್ವಯಿಸುವಂಥದು. ದುರಸ್ತಿಗಿಂತ ರಕ್ಷಣೆಯು ಸುಲಭ. ಮಳೆಗಾಲದಲ್ಲಿ ಮಾಪಕವನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇರಿಸಬೇಕು. ಒಲೆಯ ಮೇಲಿನ ಅಟ್ಟ, ಬಿಸಿಲಿಗೆ ಒಡ್ಡಿದ ಕಿಟಕಿ, ನಿಲ್ಲಿಸಿದ ಜೀಪಿನ ಮುಂಭಾಗ, ಈ ಮೂರು ಸ್ಥಳಗಳನ್ನು ವರ್ಜಿಸಬೇಕು. ಬಹುದಿನ ಬಳಸದಿದ್ದರೆ ಬ್ಯಾಟರಿಯನ್ನು ಹೊರಗೆ ತೆಗೆದಿರಬೇಕು. ಇಷ್ಟು ಮಾಡಿದರೆ ಫಲಕದ ಆಯುಷ್ಯವು ವರ್ಷಗಳಷ್ಟು ಹೆಚ್ಚುವುದು.

ಮಲ್ಟಿಮೀಟರ್ ಒಂದು ನೆಪ. ನಾವು ಹೇಳಬೇಕಾದುದು ಇದಕ್ಕಿಂತ ಹಿರಿದು. ಉಪಕರಣವು ಹೇಳಿದುದನ್ನು ಕಣ್ಣುಮುಚ್ಚಿ ನಂಬುವವನೂ, ಉಪಕರಣವು ಮೌನವಾದೊಡನೆ ಅದನ್ನು ಎಸೆಯುವವನೂ ಒಂದೇ ಕೊರತೆಯುಳ್ಳವರು. ಇಬ್ಬರಿಗೂ ಅದು ಹೇಗೆ ಮಾತನಾಡುತ್ತದೆಂಬುದು ತಿಳಿಯದು. ಹೇಗೆಂದು ತಿಳಿದವನು ಅದರ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾನೆ, ಅದು ತಡವರಿಸಿದಾಗ ಕಾರಣವನ್ನು ಹುಡುಕುತ್ತಾನೆ. ದೊಡ್ಡ ಪ್ರಯೋಗಶಾಲೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಮುಂದೆ ಕುಳಿತು ಕೆಲಸ ಮಾಡುವ ವಿಜ್ಞಾನಿಗೂ ಬೇಕಾದುದು ಇದೇ ಗುಣ. ಅದನ್ನು ಶೆಟ್ಟಿಕೊಪ್ಪದ ಜಗಲಿಯ ಮೇಲೆ, ಒಂದು ತಿರುಪುಳಿ, ಒಂದಿಷ್ಟು ಹತ್ತಿ, ಕೆಟ್ಟ ಕ್ಯಾಲ್ಕ್ಯುಲೇಟರಿನ ಒಂದು ಹಾಳೆಗಳ ನೆರವಿನಿಂದ ಅಭ್ಯಾಸ ಮಾಡಬಹುದಾಗಿದೆ. ಈ ಮುಂದಿನ ರಜೆಯಲ್ಲಿ ನಮ್ಮ ತರುಣ ವಾಚಕರು ತಮ್ಮ ಮನೆಯಲ್ಲೋ ಶಾಲೆಯಲ್ಲೋ ಮಾಸಿಹೋದ ಒಂದು ಅಂಕಫಲಕವನ್ನು ಹುಡುಕಿ, ಬ್ಯಾಟರಿಯಿಂದ ಮೊದಲುಮಾಡಿ ಒಂದೊಂದೇ ಕಾರಣವನ್ನು ಪರೀಕ್ಷಿಸಲಿ.